ಮಳೆ ಬಂದರೆ ವಾಕಿಂಗ್ ದಾರಿ ಕೆಸರು ಹೊಂಡ: ತಪ್ಪು ಮೇಲಿನ ಸೈಟಿನದ್ದಾ, ಕೆಳಗಿನ ಮೋರಿಯದ್ದಾ?

ಬೆಳಗಿನನಡಿಗೆ

ಮಳೆ ನಿಂತು ಮಾರನೆಯ ದಿನ ಸಂಜೆಯಾದರೂ ದಾರಿಯ ತಗ್ಗಿನಲ್ಲಿ ಪಾದ ಮುಳುಗುವಷ್ಟು ನೀರು. ಬರೀ ನೀರಲ್ಲ, ಕೆಂಪು ರಾಡಿ. ಮೋರಿ ಇರುವ ತಿರುವಿನಿಂದ ಬೆಂಚುಗಳ ತನಕ ಇದೇ ಪಾಡು. ಮೇಲಿನ ಇಳಿಜಾರಿನಲ್ಲಿ ಕಟ್ಟಡಕ್ಕೆಂದು ಗಿಡಗಂಟಿ ತೆಗೆದು ನೆಲ ಅಗೆಯಲು ಶುರು ಮಾಡುವ ತನಕ ಹೀಗಿರಲಿಲ್ಲ. ರಾತ್ರಿ ಜೋರು ಮಳೆ ಬಂದರೂ ಮಧ್ಯಾಹ್ನದ ಹೊತ್ತಿಗೆ ನಡೆಯುವ ಹಾಗಿರುತ್ತಿತ್ತು.

ಸೈಟಿನವರನ್ನು ಕೇಳಿದರೆ "ಮಳೆ ಜಾಸ್ತಿ ಬಂತು, ನಾವೇನು ಮಾಡೋಣ" ಅನ್ನುತ್ತಾರೆ. ದಾರಿ ನೋಡಿಕೊಳ್ಳುವ ಕಚೇರಿಗೆ ಫೋನ್ ಮಾಡಿದರೆ "ಅದು ಸೈಟಿನ ನೀರು, ಅವರನ್ನೇ ಕೇಳಿ" ಅನ್ನುತ್ತಾರೆ. ನೀರು ಮಾತ್ರ ಯಾರನ್ನೂ ಕೇಳದೆ ಬರುತ್ತಿದೆ.

ದೂರು ಬರೆಯಬೇಕು ಅಂತಿದ್ದೇನೆ. ಸುಮ್ನೆ ಬೈದು ಬರೆದರೆ ಕಸದ ಬುಟ್ಟಿಗೆ ಹೋಗುತ್ತದೆ. ಏನು ಬರೆದರೆ ಅವರಿಗೆ ತಳ್ಳಿಹಾಕಲು ಆಗುವುದಿಲ್ಲ, ಗೊತ್ತಿರುವವರು ಹೇಳಿ.

ಓಟದಹುಚ್ಚು

ನಾನಂತೂ ಹುಲ್ಲಿನ ಮೇಲೆ ಸುತ್ತು ಹಾಕಿ ಓಡುತ್ತಿದ್ದೇನೆ. ಎಲ್ಲರೂ ಅದನ್ನೇ ಮಾಡಿ ಈಗ ಹುಲ್ಲೂ ಹೋಯಿತು, ಪಕ್ಕದಲ್ಲಿ ಇನ್ನೊಂದು ಕೆಸರು ದಾರಿ ಆಯಿತು. ಮುಂದಿನ ಮಳೆಗೆ ಅಲ್ಲೂ ನೀರು ನಿಲ್ಲುತ್ತದೆ, ನೋಡ್ತಾ ಇರಿ.

ಇನ್ನೊಂದುಮಗ್ಗುಲು

ಸ್ವಲ್ಪ ತಾಳಿ. ಆ ದಾರಿ ಇರುವುದೇ ಹಳ್ಳದ ಪಕ್ಕದ ತಗ್ಗಿನಲ್ಲಿ. ತಗ್ಗಿನಲ್ಲಿ ನೀರು ನಿಲ್ಲದೆ ದಿಣ್ಣೆಯಲ್ಲಿ ನಿಲ್ಲುತ್ತದಾ? ಕಣ್ಣಿಗೆ ಕಾಣುವುದು ಸೈಟು, ಹಾಗಾಗಿ ಬೈಗುಳವೆಲ್ಲ ಸೈಟಿಗೆ. ಆ ಮೋರಿ ಪೈಪನ್ನು ಕೊನೆಯ ಸಲ ಯಾವಾಗ ತೊಳೆದರು ಅಂತ ಯಾರಾದರೂ ಕೇಳಿದ್ದೀರಾ? ಬಿಲ್ಡರ್ ಮೇಲೆ ನನಗೇನೂ ಪ್ರೀತಿ ಇಲ್ಲ. ಆದರೆ ನೀರು ಎಲ್ಲಿಂದ ಬಂತು ಅಂತ ನೋಡದೆ ದೂರು ಬರೆದರೆ ಅವರು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುತ್ತಾರೆ.

ಮೋರಿಲೆಕ್ಕ

ನಾನು ಸಿವಿಲ್ ಕಡೆಯವನು. ಇದಕ್ಕೆ ಹಳೇ ಲೆಕ್ಕ ಒಂದಿದೆ. ಐರ್ಲೆಂಡಿನ ಮಲ್ವೇನಿ ಅನ್ನುವ ಎಂಜಿನಿಯರ್ 1851ರಲ್ಲಿ ಇದರ ಮೂಲ ವಿಚಾರ ಹೇಳಿದ. 1889ರಲ್ಲಿ ಅಮೆರಿಕದ ಕ್ವಿಚ್ಲಿಂಗ್ ಅದನ್ನು ನಗರದ ಚರಂಡಿಗಳಿಗೆ ಬಳಸಿದ. ಸಣ್ಣ ಜಾಗಗಳಿಗೆ ಇವತ್ತಿಗೂ ಅದೇ ನಡೆಯುತ್ತದೆ. ಮಳೆಯ ಜೋರು, ಜಾಗದ ಅಳತೆ, ಬಿದ್ದ ನೀರಿನಲ್ಲಿ ಎಷ್ಟು ಪಾಲು ಇಂಗದೆ ಹರಿಯುತ್ತದೆ, ಈ ಮೂರನ್ನು ಗುಣಿಸಿದರೆ ಹರಿವು ಸಿಗುತ್ತದೆ. ಅಷ್ಟೇ.

ಮಳೆ ಗಂಟೆಗೆ 30 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಮೇಲಿನ ಜಾಗ 2 ಹೆಕ್ಟೇರ್. ಹುಲ್ಲು, ಪೊದೆ ಇದ್ದಾಗ ಹರಿಯುವ ಪಾಲು 0.2 ಅಂದರೆ ಸೆಕೆಂಡಿಗೆ ಸುಮಾರು 33 ಲೀಟರ್ ನೀರು ಇಳಿಯುತ್ತದೆ. ಅದೇ ಜಾಗದ ಹುಲ್ಲು ಕಿತ್ತು, ಮೇಲೆ ಲಾರಿ, ಜೆಸಿಬಿ ಓಡಾಡಿ ಮಣ್ಣು ಗಟ್ಟಿಯಾದರೆ ಪಾಲು 0.6ಕ್ಕೆ ಏರಬಹುದು. ಆಗ ಸೆಕೆಂಡಿಗೆ 100 ಲೀಟರ್. ಮಳೆ ಒಂದು ಹನಿಯೂ ಜಾಸ್ತಿ ಆಗಿಲ್ಲ, ನೀರು ಮೂರು ಪಟ್ಟು.

ಈಗ ಮೋರಿಗೆ ಬನ್ನಿ. ಒಂಬತ್ತು ಇಂಚಿನ ಕಾಂಕ್ರೀಟ್ ಪೈಪು, 100 ಮೀಟರಿಗೆ 1 ಮೀಟರ್ ಇಳಿಜಾರು ಇದ್ದರೆ, ತುಂಬಿ ಹರಿದಾಗ ಸೆಕೆಂಡಿಗೆ 45 ಲೀಟರ್ ಆಸುಪಾಸು ದಾಟಿಸುತ್ತದೆ. 33ಕ್ಕೆ ಸಾಕು. 100ಕ್ಕೆ ಎಲ್ಲಿಂದ ಸಾಕು? ಉಳಿದದ್ದು ದಾರಿ ಹತ್ತುತ್ತದೆ.

ಇನ್ನೊಂದುಮಗ್ಗುಲು

ಲೆಕ್ಕ ಚೆನ್ನಾಗಿದೆ ಸರ್. ಆದರೆ 0.2, 0.6 ಎರಡೂ ನೀವು ಇಟ್ಟುಕೊಂಡಿದ್ದು. ಬಿಲ್ಡರ್ ಕಡೆ ಎಂಜಿನಿಯರ್ 0.35, 0.45 ಅಂತ ಇಟ್ಟುಕೊಂಡು ಬಂದರೆ ಏನು ಮಾಡುತ್ತೀರಿ?

ಮೋರಿಲೆಕ್ಕ

ನ್ಯಾಯವಾದ ಪ್ರಶ್ನೆ. ಅದಕ್ಕೇ ಲೆಕ್ಕ ಒಂದನ್ನೇ ನಂಬಿಕೊಂಡು ಹೋಗಬಾರದು. ಜೋರು ಮಳೆ ಬರುವಾಗ ಕೊಡೆ ಹಿಡಿದು ನೀರಿನ ಹಿಂದೆ ಮೇಲಕ್ಕೆ ನಡೆಯಬೇಕು. ಎಲ್ಲಿ ತಿಳಿ ನೀರು, ಎಲ್ಲಿಂದ ಬಗ್ಗಡ ಅಂತ ಕಣ್ಣಿಗೇ ಕಾಣುತ್ತದೆ. ಸೈಟಿನ ನೀರು ಹಳ್ಳ ಸೇರುವ ಜಾಗಕ್ಕಿಂತ ಸ್ವಲ್ಪ ಮೇಲೆ ಒಂದು ಬಾಟಲಿ ನೀರು ತುಂಬಿ, ಸ್ವಲ್ಪ ಕೆಳಗೆ ಇನ್ನೊಂದು. ಒಂದೇ ಹೊತ್ತಿನಲ್ಲಿ ತುಂಬಿ, ಪಕ್ಕಪಕ್ಕ ಇಟ್ಟು ಫೋಟೋ ತೆಗೆಯಿರಿ. ಮೇಲಿನದು ತಿಳಿ, ಕೆಳಗಿನದು ಕೆಂಪು ಆದರೆ 0.2ನೋ 0.35ನೋ ಅನ್ನುವ ಜಗಳಕ್ಕಿಂತ ಅದು ಬೇಗ ಅರ್ಥವಾಗುತ್ತದೆ. ಎರಡೂ ಕೆಂಪಾಗಿದ್ದರೆ ಮಣ್ಣು ಬೇರೆ ಕಡೆಯಿಂದಲೂ ಬರುತ್ತಿದೆ, ಅದನ್ನೂ ಒಪ್ಪಬೇಕು.

ಮಳೆ ಎಷ್ಟಾಯಿತು ಅಂತಲೂ ಬರೆದಿಡಿ. ಹತ್ತಿರದ ಮಳೆ ಮಾಪಕದ ಅಂಕಿ ಸಿಕ್ಕರೆ ಒಳ್ಳೆಯದು. ಕೆಲಸ ಶುರುವಾಗುವ ಮೊದಲು ಇಷ್ಟೇ ಮಳೆ ಬಂದ ದಿನ ಇತ್ತು, ಅವತ್ತು ದಾರಿ ಮುಳುಗಿರಲಿಲ್ಲ ಅಂತ ತೋರಿಸಿದರೆ "ಮಳೆ ಜಾಸ್ತಿ ಬಂತು" ಅನ್ನುವ ಮಾತು ಅಲ್ಲಿಗೆ ನಿಂತಿತು.

ಗಾಲಿಕುರ್ಚಿ

ನೀವೆಲ್ಲ ಸುತ್ತು ಹಾಕಿ ಹೋಗುತ್ತೀರಿ. ನಮ್ಮ ತಂದೆಯ ಗಾಲಿಕುರ್ಚಿ ಹುಲ್ಲಿನ ಮೇಲೆ ಹೋಗುವುದಿಲ್ಲ. ನೀರು ಇಳಿದ ಮೇಲೂ ನಮಗೆ ದಾರಿ ತೆರೆಯುವುದಿಲ್ಲ, ಯಾಕೆಂದರೆ ನುಣ್ಣನೆ ಮಣ್ಣು ತೆಳ್ಳಗೆ ಕೂತಿರುತ್ತದೆ. ಒಣಗಿದ ಹಾಗೆ ಕಾಣುತ್ತದೆ, ಇಬ್ಬನಿ ಬಿದ್ದರೆ ಸಾಕು ಗಾಲಿ ಜಾರುತ್ತದೆ. ಕೋಲು ಹಿಡಿದು ನಡೆಯುವವರಿಗೂ ಇದೇ ಕಷ್ಟ. ದೂರಿನಲ್ಲಿ "ನೀರು ನಿಲ್ಲುತ್ತದೆ" ಅಂತ ಮಾತ್ರ ಬರೆಯಬೇಡಿ. ನೀರು ಹೋದ ಮೇಲೆ ಉಳಿಯುವ ಕೆಸರನ್ನು ಯಾರು ಬಳಿಯಬೇಕು ಅಂತಲೂ ಕೇಳಿ.

ಹೂಳೆತ್ತುವಕೈ

ಮೋರಿ, ಚರಂಡಿ ಹೂಳು ತೆಗೆಸುವ ಕೆಲಸ ತುಂಬ ವರ್ಷ ಮಾಡಿಸಿದ್ದೇನೆ. ಪೈಪಿನೊಳಗಿನ ಹೂಳು ಯಾರದ್ದು ಅಂತ ಹೂಳನ್ನೇ ಕೇಳಬಹುದು. ಸಲಿಕೆಯಿಂದ ನೇರವಾಗಿ ಕತ್ತರಿಸಿ ನೋಡಿ. ಹಳೇ ಹೂಳು ಕಪ್ಪಗಿರುತ್ತದೆ. ಕೊಳೆತ ಎಲೆ, ಕಡ್ಡಿ, ಸಣ್ಣ ಬೇರು ಸೇರಿರುತ್ತವೆ, ಕೆಟ್ಟ ವಾಸನೆ ಹೊಡೆಯುತ್ತದೆ. ಹೊಸದಾಗಿ ಕೊಚ್ಚಿಕೊಂಡು ಬಂದ ಮಣ್ಣಿಗೆ ಬೇರು ಇರುವುದಿಲ್ಲ, ವಾಸನೆಯೂ ಇರುವುದಿಲ್ಲ. ಬಣ್ಣ ಅಗೆದ ಜಾಗದ ಮಣ್ಣಿನದ್ದೇ. ಒಂದೊಂದು ಮಳೆಗೆ ಒಂದೊಂದು ತೆಳು ಪದರ ಕಾಣುತ್ತದೆ.

ಇನ್ನೊಂದು ವಿಷಯ. ಪೈಪು ಅರ್ಧ ತುಂಬಿದೆ ಅಂದರೆ ಅರ್ಧ ನೀರು ಹೋಗುತ್ತದೆ ಅಂದುಕೊಳ್ಳುತ್ತಾರೆ. ಅಷ್ಟು ಹೋಗುವುದಿಲ್ಲ.

ಮೋರಿಲೆಕ್ಕ

ಅಣ್ಣ ಹೇಳಿದ್ದು ಸರಿ. ಜಾಗ ಅರ್ಧ ಆಗುವುದರ ಜೊತೆಗೆ ನೀರಿನ ವೇಗವೂ ಇಳಿಯುತ್ತದೆ. ಅದೇ ಒಂಬತ್ತು ಇಂಚಿನ ಪೈಪು ಅರ್ಧ ಹೂಳಾದರೆ 45 ಲೀಟರ್ ಹೋಗಿ 17ರ ಹತ್ತಿರ ಬರುತ್ತದೆ. ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆಗ ಮೇಲೆ ಪೂರ್ತಿ ಹುಲ್ಲಿದ್ದರೂ 33 ಲೀಟರ್ ದಾಟುವುದಿಲ್ಲ.

ಇನ್ನೊಂದುಮಗ್ಗುಲು

ನಾನು ಮೊದಲೇ ಹೇಳಿದ್ದೂ ಅದೇ ಅಲ್ವಾ.

ಬೆಳಗಿನನಡಿಗೆ

ಸಲಿಕೆ ಹಿಡಿದು ಹೋಗಿ ನೋಡಿ ಬಂದೆ. ಮೇಲ್ಬಾಯಿಯಲ್ಲಿ ಪೈಪು ಅರ್ಧಕ್ಕಿಂತ ಜಾಸ್ತಿ ತುಂಬಿದೆ. ಹೂಳೆತ್ತುವಕೈ ಅವರು ಹೇಳಿದ ಹಾಗೆ ಕತ್ತರಿಸಿದೆ. ತಳದಲ್ಲಿ ಕಪ್ಪು, ನಾಲ್ಕು ಬೆರಳಿನಷ್ಟು ಇರಬಹುದು. ಬೇರು ಇದೆ, ಪ್ಲಾಸ್ಟಿಕ್ ಚೂರು ಇದೆ. ಅದರ ಮೇಲೆ ಸುಮಾರು ಅಷ್ಟೇ ದಪ್ಪಕ್ಕೆ ಕೆಂಪು, ಪದರ ಪದರ. ಅಂದರೆ ಕಚೇರಿಯವರು ಪೈಪು ತೊಳೆಸಿರಲಿಲ್ಲ, ಅದು ನಿಜ. ಆದರೂ ದಾರಿ ಮುಳುಗದೆ ನಡೆಯುತ್ತಿತ್ತು. ಕೆಂಪು ಮಣ್ಣು ಬಂದು ಉಳಿದ ಬಾಯಿ ಮುಚ್ಚಿತು.

ಇಬ್ಬರಿಗೂ ಬರೆಯುತ್ತೇನೆ. ಒಬ್ಬರಿಗೇ ಬರೆದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಮನೆಬುಕ್ಮಾಡಿದವ

ನಾನು ಆ ಕಟ್ಟಡದಲ್ಲೇ ಮನೆ ತೆಗೆದುಕೊಂಡಿದ್ದೇನೆ. ಬಾಡಿಗೆ, ಸಾಲದ ಕಂತು ಎರಡೂ ಕಟ್ಟುತ್ತಿದ್ದೇನೆ. ಕೆಲಸ ನಿಲ್ಲಿಸಿ ಅಂತ ದಯವಿಟ್ಟು ಬರೆಯಬೇಡಿ. ನಾಳೆ ನಾವೂ ಅದೇ ದಾರಿಯಲ್ಲಿ ನಡೆಯಬೇಕಾದವರು.

ಬೆಳಗಿನನಡಿಗೆ

ಕೆಲಸ ನಿಲ್ಲಿಸಿ ಅಂತ ಯಾರೂ ಹೇಳುತ್ತಿಲ್ಲ. ನಿಜ ಹೇಳಬೇಕೆಂದರೆ ಅರ್ಧಕ್ಕೆ ನಿಂತ ಕೆಲಸವೇ ನಮಗೆ ಜಾಸ್ತಿ ಅಪಾಯ. ಅಗೆದ ನೆಲ ಹಾಗೇ ಬಿದ್ದಿರುತ್ತದೆ, ಕೇಳುವವರು ಯಾರೂ ಇರುವುದಿಲ್ಲ. ಬೇಗ ಮುಗಿಯಲಿ, ಆದರೆ ಮಣ್ಣು ಅವರ ಬೇಲಿಯೊಳಗೇ ಇರಲಿ.

ನೀವು ಒಂದು ಸಹಾಯ ಮಾಡಬಹುದು. ನಾವು ಕೇಳಿದರೆ ಗೇಟಿನಿಂದಲೇ ಕಳಿಸುತ್ತಾರೆ. ಮನೆ ಕೊಂಡವರು ಮಳೆನೀರಿನ ಪ್ಲಾನ್ ತೋರಿಸಿ ಅಂದರೆ ತೋರಿಸಲೇಬೇಕಾಗುತ್ತದೆ.

ಹೆಸರುಬೇಡ

ಸೈಟಿನಲ್ಲಿ ಕೆಲಸ ಮಾಡುವವನು. ಹೆಸರು ಹೇಳುವುದಿಲ್ಲ. ಪ್ಲಾನಿನಲ್ಲಿ ಮೂಲೆಗೆ ಒಂದು ಮಣ್ಣು ತಂಗುವ ಹೊಂಡ ಇದೆ. ಮೊದಲು ಅದನ್ನೇ ಅಗೆಯಬೇಕಿತ್ತು. ಆದರೆ ಕಂಬಿ, ಶಟರಿಂಗ್ ಹಲಗೆ ಇಳಿಸಲು ಬೇರೆ ಸಮತಟ್ಟಾದ ಜಾಗ ಇರಲಿಲ್ಲ. "ಆಮೇಲೆ ನೋಡೋಣ" ಅಂದರು. ಆ ಆಮೇಲೆ ಇನ್ನೂ ಬಂದಿಲ್ಲ. ಪಾಯದ ಮಣ್ಣನ್ನು ಇಳಿಜಾರಿನ ಅಂಚಿಗೇ ಗುಡ್ಡೆ ಹಾಕಿದ್ದಾರೆ, ಮೇಲೆ ಟಾರ್ಪಾಲ್ ಇಲ್ಲ. ಕೆಳಗಡೆ ಹಸಿರು ಬಟ್ಟೆ ಕಟ್ಟಿದ್ದಾರಲ್ಲ, ಅದನ್ನು ಕಟ್ಟಿದ್ದು ದೊಡ್ಡ ಮಳೆ ಆದ ಮೇಲೆ.

ಓಟದಹುಚ್ಚು

ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು.

ಮೋರಿಲೆಕ್ಕ

ಆ ಹಸಿರು ಬಟ್ಟೆಯನ್ನು ನಾನೂ ನೋಡಿದೆ. ಅದು ದೂಳಿಗೆ, ಮರೆಗೆ ಕಟ್ಟುವ ಬಲೆ, ಮಣ್ಣು ತಡೆಯುವ ಬಟ್ಟೆಯೇ ಅಲ್ಲ. ಅದಕ್ಕೆ ಜಿಯೋಟೆಕ್ಸ್‌ಟೈಲ್ ಅನ್ನುವ ಗಟ್ಟಿ ಬಟ್ಟೆ ಬೇರೆ ಬರುತ್ತದೆ. ಸರಿಯಾದ ಬಟ್ಟೆ ತಂದರೂ ಅದರ ತಳವನ್ನು ಕನಿಷ್ಠ 15 ಸೆಂಟಿಮೀಟರ್ ಮಣ್ಣಿನೊಳಗೆ ಹೂಳಬೇಕು. ಸುಮ್ನೆ ಕಂಬಕ್ಕೆ ಬಿಗಿದು ಬಿಟ್ಟರೆ ನೀರು ಅಡಿಯಲ್ಲಿ ನುಸುಳಿ ಹೋಗುತ್ತದೆ. ಬೇಲಿ ಇಳಿಜಾರಿಗೆ ಅಡ್ಡಡ್ಡ ಒಂದೇ ಮಟ್ಟದಲ್ಲಿ ಹೋಗಬೇಕು, ಎರಡು ತುದಿಗಳನ್ನು ಮೇಲಕ್ಕೆ ತಿರುಗಿಸಬೇಕು. ಇಲ್ಲಿ ಮೇಲಿಂದ ಕೆಳಕ್ಕೆ ಕಟ್ಟಿದ್ದಾರೆ. ಅದು ತಡೆಯುವ ಬದಲು ನೀರನ್ನು ಒಂದೇ ಕಡೆಗೆ ಕೂಡಿಸಿ ಕಳಿಸುತ್ತಿದೆ.

ಎಲ್ಲ ಸರಿಯಾಗಿ ಕಟ್ಟಿದರೂ ಅದಕ್ಕೊಂದು ಮಿತಿ ಇದೆ. 30 ಮೀಟರ್ ಉದ್ದದ ಬೇಲಿಗೆ ಸುಮಾರು 1,000 ಚದರ ಮೀಟರ್ ಜಾಗದ ನೀರು, ಅದಕ್ಕಿಂತ ಜಾಸ್ತಿ ಬಿಡಬಾರದು ಅನ್ನುವುದು ರೂಢಿಯ ಲೆಕ್ಕ. 2 ಹೆಕ್ಟೇರಿಗೆ 600 ಮೀಟರ್ ಬೇಲಿ ಬೇಕಾಯಿತು. ಹಾಗಾಗಿ ಹೊಂಡ ಇಲ್ಲದೆ ಆಗುವುದಿಲ್ಲ. ಅಮೆರಿಕದ ಸರ್ಕಾರಿ ಪರಿಸರ ಸಂಸ್ಥೆ ಇಪಿಎಯ ನಿಯಮದಲ್ಲಿ ಹೊಂಡಕ್ಕೆ ಎಕರೆಗೆ 3,600 ಘನ ಅಡಿ ಅನ್ನುವ ಅಳತೆ ಇದೆ. ನಮ್ಮ ಲೆಕ್ಕಕ್ಕೆ ತಂದರೆ 2 ಹೆಕ್ಟೇರಿಗೆ ಸುಮಾರು 500 ಘನ ಮೀಟರ್. 20 ಮೀಟರ್ ಉದ್ದ, 17 ಮೀಟರ್ ಅಗಲ, ಒಂದೂವರೆ ಮೀಟರ್ ಆಳ. ಮೂಲೆಯಲ್ಲಿ ಒಂದು ಗುಂಡಿ ತೋಡಿ "ಮಾಡಿದ್ದೇವೆ" ಅಂದರೆ ಒಪ್ಪಬೇಡಿ, ಟೇಪು ಹಿಡಿಯಿರಿ.

ಹಸಿರುಬದು

ಹೊಂಡ ಮಾಡಿದರೂ ಜೇಡಿ ಮಣ್ಣು ನಿಲ್ಲುವುದಿಲ್ಲ ಅಂತ ಕೇಳಿದ್ದೇನೆ. ಹೌದಾ ಸರ್?

ಮೋರಿಲೆಕ್ಕ

ಹೌದು ಮೇಡಂ, ಇದನ್ನು ಬಿಲ್ಡರ್‌ಗಳು ಹೇಳುವುದೇ ಇಲ್ಲ. ನಿಂತ ನೀರಿನಲ್ಲಿ 0.1 ಮಿಲಿಮೀಟರ್ ಗಾತ್ರದ ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. ಅದರ ಹತ್ತರಲ್ಲೊಂದು ಗಾತ್ರದ ಕಣಕ್ಕೆ 3 ಗಂಟೆ ಬೇಕು. ಇನ್ನೂ ಹತ್ತರಲ್ಲೊಂದು, ಅಂದರೆ 0.001 ಮಿಲಿಮೀಟರಿನ ಜೇಡಿ ಕಣಕ್ಕೆ 12 ದಿನಕ್ಕೂ ಮೇಲೆ. ಅಷ್ಟರಲ್ಲಿ ಮುಂದಿನ ಮಳೆ ಬಂದಿರುತ್ತದೆ. ಮಳೆ ನಿಂತ ಎಷ್ಟೋ ಹೊತ್ತಿನ ಮೇಲೂ ದಾರಿಯ ನೀರು ತಿಳಿಯಾಗದೆ ಕೆಂಪಗೇ ಇರುವುದು ಇದಕ್ಕೇ.

ಮಣ್ಣು ಒಮ್ಮೆ ನೀರಿಗೆ ಬಿದ್ದ ಮೇಲೆ ಹಿಡಿಯುವುದು ಕಷ್ಟ, ದುಬಾರಿ. ಬೀಳದ ಹಾಗೆ ನೋಡಿಕೊಳ್ಳುವುದು ಅಗ್ಗ. ಗುಡ್ಡೆಗೆ ಟಾರ್ಪಾಲ್, ಬರಿ ನೆಲಕ್ಕೆ ಒಣಹುಲ್ಲು, ಸದ್ಯಕ್ಕೆ ಕೆಲಸ ಇಲ್ಲದ ಕಡೆ ಹುಲ್ಲು ಬಿತ್ತುವುದು. ಎಲ್ಲವನ್ನೂ ಒಟ್ಟಿಗೆ ಅಗೆದು ಹಾಕುವ ಬದಲು ಒಂದು ಭಾಗ ಮುಗಿಸಿ ಇನ್ನೊಂದನ್ನು ತೆರೆಯುವುದು. ಇಪಿಎಯವರೇ ಹೇಳುವ ಪ್ರಕಾರ ಕಟ್ಟಡದ ಸೈಟುಗಳಿಂದ ಕೊಚ್ಚಿಹೋಗುವ ಮಣ್ಣು ಹೊಲಗಳಿಗಿಂತ 10ರಿಂದ 20 ಪಟ್ಟು, ಕಾಡಿನ ನೆಲಕ್ಕಿಂತ 1,000ದಿಂದ 2,000 ಪಟ್ಟು.

ಇನ್ನೊಂದುಮಗ್ಗುಲು

ಕಾನೂನು ಏನನ್ನುತ್ತದೆ? ಮೇಲಿನ ನೀರು ಕೆಳಗೆ ಹರಿಯುವುದು ಮೇಲಿನವನ ಹಕ್ಕು ಅಂತ ನಾನು ಕೇಳಿದ್ದು.

ಕಾನೂನುಕಟ್ಟೆ

ಅರ್ಧ ಸರಿ. ಭಾರತದ 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಪಕ್ಕದವರ ಜಮೀನಿನ ಮೇಲೆ ನಮಗಿರುವ ದಾರಿ, ನೀರಿನಂಥ ಹಕ್ಕುಗಳ ಕಾಯ್ದೆ, ಅದರ 7ನೇ ಕಲಮಿನ ಉದಾಹರಣೆಗಳಲ್ಲೇ ಅದು ಇದೆ. ಮೇಲಿನ ಜಮೀನಿನ ಮೇಲೆ ಸಹಜವಾಗಿ ಬಿದ್ದ ನೀರು ಕೆಳಗಿನ ಜಮೀನಿಗೆ ಸಹಜವಾಗಿ ಹರಿಯಲು ಬಿಡಬೇಕು. ಎರಡು ಕಡೆಯೂ "ಸಹಜವಾಗಿ" ಇದೆ, ಗಮನಿಸಿ. ನೆಲದ ಮಟ್ಟ ಬದಲಿಸಿ, ಕಾಲುವೆ ತೋಡಿ, ಹರಡಿಕೊಂಡು ಹೋಗುತ್ತಿದ್ದ ನೀರನ್ನು ಒಂದೇ ಬಾಯಿಂದ ಕಕ್ಕಿಸಿದರೆ ಅದು ಸಹಜ ಹರಿವು ಅಂತ ವಾದಿಸುವುದು ಕಷ್ಟ. ಅದರ ಜೊತೆ ಮಣ್ಣೂ ಬಂದರೆ ಇನ್ನೂ ಕಷ್ಟ.

ಕೆಲವರು ಇಂಥ ಕಡೆ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಪ್ರಕರಣ ಎತ್ತುತ್ತಾರೆ. ಇಂಗ್ಲೆಂಡಿನಲ್ಲಿ ಗಿರಣಿಯವನೊಬ್ಬ ನೀರಿನ ಕೆರೆ ಕಟ್ಟಿಸಿದ. ಅದರ ಅಡಿಯಲ್ಲಿ ಹಳೇ ಗಣಿಯ ಬಾವಿಗಳಿದ್ದವು. ಗುತ್ತಿಗೆದಾರರು ಅವನ್ನು ಸರಿಯಾಗಿ ಮುಚ್ಚಲಿಲ್ಲ, ನೀರು ನುಗ್ಗಿ ಪಕ್ಕದವನ ಗಣಿ ಮುಳುಗಿತು. ತಪ್ಪು ಗುತ್ತಿಗೆದಾರರದ್ದೇ ಆದರೂ ಹೊಣೆ ಕಟ್ಟಿಸಿದವನದು ಅಂತ 1868ರಲ್ಲಿ ಆಗ ಅಲ್ಲಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಆದರೆ ಅದು ಕೂಡಿಟ್ಟ ನೀರು. ಸುಮ್ನೆ ಬಿದ್ದು ಹರಿದ ಮಳೆನೀರಿಗೆ ಅದನ್ನು ಹಾಗೇ ಅಂಟಿಸಲು ಬರುವುದಿಲ್ಲ. ನಾಳೆ ಹೊಂಡ ಕಟ್ಟಿ ಅದು ಒಡೆದರೆ ಆಗ ಆ ಮಾತು ಎತ್ತಬಹುದು.

ಕೋರ್ಟಿಗಿಂತ ಅನುಮತಿ ಪತ್ರ ಬೇಗ ಕೆಲಸ ಮಾಡುತ್ತದೆ. ಯಾವ ಷರತ್ತಿನ ಮೇಲೆ ಅನುಮತಿ ಕೊಟ್ಟರು ಅಂತ ಪ್ರತಿ ಕೇಳಿ. ಹೆಸರುಬೇಡ ಅವರು ಹೇಳಿದ ಹೊಂಡ ಅದರಲ್ಲಿದ್ದರೆ, ದೂರು "ನಮಗೆ ತೊಂದರೆ" ಅಂತ ಇರಬೇಕಾಗಿಲ್ಲ. "ನೀವು ಒಪ್ಪಿದ್ದನ್ನು ಮಾಡಿಲ್ಲ" ಅಂತ ಇರಲಿ.

ಓಟದಹುಚ್ಚು

ಇಷ್ಟೆಲ್ಲ ಯಾಕೆ? ದಾರಿಯನ್ನೇ ಒಂದಡಿ ಎತ್ತರಿಸಿ ಕಾಂಕ್ರೀಟ್ ಹಾಕಿಸಿಬಿಡಲಿ. ಕಾಲು ಒದ್ದೆಯಾಗಬಾರದು ತಾನೇ?

ಹೂಳೆತ್ತುವಕೈ

ಅಯ್ಯೋ ಬೇಡ ತಮ್ಮಾ. ದಾರಿ ಎತ್ತರಿಸಿದರೆ ಅದೇ ಒಡ್ಡು ಆಗುತ್ತದೆ. ಅಡಿಯಲ್ಲಿ ಇರುವುದು ಅದೇ ಒಂಬತ್ತು ಇಂಚಿನ ಪೈಪು. ನೀರು ಮೇಲ್ಗಡೆ ಕೆರೆಯಾಗಿ ನಿಲ್ಲುತ್ತದೆ, ಒಂದು ವಾರಕ್ಕಿಂತ ಜಾಸ್ತಿ ನಿಂತರೆ ಸೊಳ್ಳೆ ಮೊಟ್ಟೆ ಇಟ್ಟು ಮರಿ ಮಾಡಿ ಹಾರಿಹೋಗಿರುತ್ತದೆ. ಯಾವತ್ತೋ ಒಂದು ದಿನ ಒಡ್ಡು ಕಿತ್ತುಕೊಂಡು ದಾರಿಯೇ ಹೋಗುತ್ತದೆ. ಎತ್ತರಿಸುವುದಾದರೆ ಮೊದಲು ದೊಡ್ಡ ಪೈಪು ಹಾಕಬೇಕು.

ಮೋರಿಲೆಕ್ಕ

ಹನ್ನೆರಡು ಇಂಚಿನ ಪೈಪು ಹಾಕಿದರೆ ಅದೇ ಇಳಿಜಾರಿನಲ್ಲಿ ಸೆಕೆಂಡಿಗೆ ಸುಮಾರು 97 ಲೀಟರ್ ಹೋಗುತ್ತದೆ. ವ್ಯಾಸ ಮೂರೇ ಇಂಚು ಜಾಸ್ತಿ, ನೀರು ಎರಡು ಪಟ್ಟಿಗಿಂತ ಜಾಸ್ತಿ. ಕೇಳಲು ಚೆನ್ನಾಗಿದೆ. ಆದರೆ ಮಣ್ಣು ಬರುವುದು ನಿಲ್ಲದೆ ಹಾಕಿದರೆ ಅದೂ ತುಂಬುತ್ತದೆ. ಮೇಲಾಗಿ ಪೈಪಿನ ಖರ್ಚು ಸಾರ್ವಜನಿಕರ ದುಡ್ಡಿನಿಂದ, ಉಳಿತಾಯ ಸೈಟಿಗೆ. ಇದು ನನಗೆ ಸರಿ ಕಾಣುವುದಿಲ್ಲ. ಮೊದಲು ಹೊಂಡ, ಆಮೇಲೆ ಪೈಪು ತೊಳೆಸುವುದು, ಕಟ್ಟಡ ಮುಗಿದ ಮೇಲೆ ಅವರ ಚಾವಣಿ ಮತ್ತು ಪಾರ್ಕಿಂಗ್ ನೀರಿನ ಲೆಕ್ಕ ನೋಡಿ ಪೈಪು ಬದಲಿಸುವ ಮಾತು. ಕೊನೆಯದನ್ನು ಮರೆಯಬೇಡಿ. ಮಣ್ಣಿನ ಕಾಟ ಕಟ್ಟಡದ ಜೊತೆ ಮುಗಿಯುತ್ತದೆ, ನೀರಿನ ಕಾಟ ಆಗ ಶುರುವಾಗಬಹುದು. ಚಾವಣಿಯ ಮೇಲೆ ಬಿದ್ದ ನೀರು ಹೆಚ್ಚುಕಡಿಮೆ ಪೂರ್ತಿ ಹರಿದೇ ಬರುತ್ತದೆ.

ಮನೆಬುಕ್ಮಾಡಿದವ

ಪ್ಲಾನ್ ಕೇಳಿದೆ. ಮೊದಲು ಆಫೀಸಿಗೆ ಬನ್ನಿ ಅಂದರು, ಹೋದೆ. ಹೊಂಡ ಇದೆ, ಅಳತೆಯೂ ಬರೆದಿದೆ. 12 ಮೀಟರ್, 10 ಮೀಟರ್, ಆಳ ಒಂದೂವರೆ. ಮೋರಿಲೆಕ್ಕ ಸರ್ ಹೇಳಿದ್ದಕ್ಕಿಂತ ತುಂಬ ಚಿಕ್ಕದು ಅಲ್ವಾ?

ಮೋರಿಲೆಕ್ಕ

180 ಘನ ಮೀಟರ್. ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ನಾನು ಹೇಳಿದ್ದು ಬೇರೆ ದೇಶದ ಅಳತೆ, ಹಾಗಾಗಿ "ನಿಯಮ ಮುರಿದಿದ್ದಾರೆ" ಅಂತ ಅದನ್ನು ಹಿಡಿದು ಬರೆಯಬೇಡಿ. ಯಾವ ಮಳೆಗೆ ಲೆಕ್ಕ ಹಾಕಿದಿರಿ ಅಂತ ಬರವಣಿಗೆಯಲ್ಲಿ ಕೇಳಿ. ಎರಡು ವರ್ಷಕ್ಕೊಮ್ಮೆ ಬರುವ ಮಳೆ ಅಂದರೆ ಯಾವುದೇ ವರ್ಷ ಅದು ಬರುವ ಸಾಧ್ಯತೆ ನೂರಕ್ಕೆ 50. ಹತ್ತು ವರ್ಷದ ಮಳೆ ಅಂದರೆ ನೂರಕ್ಕೆ 10. ಈ ವರ್ಷ ಬಂದಾಯಿತು, ಇನ್ನು ಹತ್ತು ವರ್ಷ ಇಲ್ಲ ಅನ್ನುವ ಅರ್ಥ ಅದಕ್ಕಿಲ್ಲ.

ಬೆಳಗಿನನಡಿಗೆ

ದೂರು ಹೀಗೆ ಬರೆದಿದ್ದೇನೆ, ನೋಡಿ ಹೇಳಿ.

"ಮೋರಿಯ ಪೈಪು ಅರ್ಧಕ್ಕಿಂತ ಜಾಸ್ತಿ ಹೂಳಿನಿಂದ ಮುಚ್ಚಿದೆ. ತಳದ ಹೂಳು ಹಳೆಯದು, ಮೇಲಿನ ಕೆಂಪು ಹೂಳು ಹೊಸದು; ಫೋಟೋ ಲಗತ್ತಿಸಿದೆ. ಸೈಟಿನ ಅನುಮೋದಿತ ಪ್ಲಾನಿನಲ್ಲಿರುವ ಹೊಂಡವನ್ನು ಇನ್ನೂ ಅಗೆದಿಲ್ಲ. ಪೈಪಿನ ಹೂಳನ್ನು ಕಚೇರಿ ತೆಗೆಸಬೇಕು. ಹೊಂಡ ಅಗೆಯುವ ತನಕ ಮಣ್ಣಿನ ಗುಡ್ಡೆಗಳನ್ನು ಮುಚ್ಚಿಸಬೇಕು. ಹೊಂಡದ ಅಳತೆಯನ್ನು ಯಾವ ಮಳೆಗೆ ಲೆಕ್ಕ ಹಾಕಲಾಗಿದೆ ಎಂದು ತಿಳಿಸಬೇಕು. ದಾರಿಯ ಮೇಲೆ ಉಳಿದ ಕೆಸರನ್ನು ಪ್ರತಿ ಮಳೆಯ ನಂತರ ಯಾರು ತೆಗೆಯುತ್ತಾರೆ ಎಂದು ಲಿಖಿತವಾಗಿ ತಿಳಿಸಬೇಕು. ಗಾಲಿಕುರ್ಚಿ ಬಳಸುವವರಿಗೆ ಈಗ ಈ ದಾರಿ ಮುಚ್ಚಿದಂತೆಯೇ ಆಗಿದೆ."

ಕಾನೂನುಕಟ್ಟೆ

ಚೆನ್ನಾಗಿದೆ. ಪ್ರತಿಯೊಂದಕ್ಕೂ ದಿನಾಂಕ ಹಾಕಿ. "ಹೊಂಡ ಅಗೆದಿಲ್ಲ" ಅನ್ನುವುದಕ್ಕೆ ಬೇಲಿಯ ಹೊರಗಿನಿಂದಲೇ ಫೋಟೋ ತೆಗೆಯಿರಿ, ಒಳಗೆ ಹೋಗಬೇಡಿ. ಹೆಸರುಬೇಡ ಅವರ ಮಾತನ್ನು ದೂರಿನಲ್ಲಿ ಎಲ್ಲೂ ತರಬೇಡಿ, ಅವರ ಕೆಲಸಕ್ಕೆ ಕುತ್ತು ಬರುತ್ತದೆ.

ಗಾಲಿಕುರ್ಚಿ

ಕೊನೆಯ ಸಾಲಿಗೆ ಥ್ಯಾಂಕ್ಸ್. ಸಹಿಗೆ ನಮ್ಮ ತಂದೆಯ ಹೆಸರೂ ಇರಲಿ.

ಇನ್ನೊಂದುಮಗ್ಗುಲು

ನನ್ನದೂ ಹಾಕಿ. ಹಳೇ ಹೂಳಿನ ಸಾಲನ್ನು ಮಾತ್ರ ತೆಗೆಯಬೇಡಿ, ಕಚೇರಿಯವರು ತೆಗೆಯಿರಿ ಅಂದರೂ.

ಬೆಳಗಿನನಡಿಗೆ

ತೆಗೆಯುವುದಿಲ್ಲ. ಎರಡು ಬಾಟಲಿ ನೀರಿನ ಫೋಟೋ ಇನ್ನೂ ಬಾಕಿ ಇದೆ, ಮುಂದಿನ ಮಳೆ ಬರಬೇಕು. ಪೈಪಿನ ಕೆಳಬಾಯಿಯ ಫೋಟೋ ಯಾರ ಹತ್ತಿರವಾದರೂ ಇದೆಯಾ? ನಾನು ತೆಗೆದದ್ದು ಬರೀ ಕತ್ತಲೆ.